ಹೊರಗಿಟ್ಟ ಕುರ್ಚಿ

ಅಂಗಿ ಕಂಕುಳಲ್ಲಿ ಹಿಡಿಯುತ್ತಿತ್ತು. ಒಂದು ಸೈಜು ಚಿಕ್ಕದು ಅಂತ ಕಂಡ ಕೂಡಲೇ ಅವನಿಗೆ ಗೊತ್ತಾಗಿತ್ತು. ಆದರೆ ಮಾವ ಅದನ್ನು ಮಡಿಕೆ ಕೂಡ ಬಿಚ್ಚದೆ ಅವನ ಎದೆಗೆ ಒತ್ತಿ, 'ಗುಂಡಿ ಎಲ್ಲಾ ಹಾಕ್ಕೊ, ರೌಡಿ ಥರ ಎದೆ ಬಿಟ್ಕೊಂಡು ಬರಬೇಡ' ಎಂದು ಹೇಳಿ ಹೊರಟೇಹೋಗಿದ್ದ. ತಿಳಿಹಸಿರು ಬಣ್ಣ, ಜೇಬಿನ ಮೇಲೆ ಹೊಸ ಗಾಡಿ ಕೊಡುವ ಸಂಸ್ಥೆಯ ಗುರುತು, ದಾರದಲ್ಲಿ ಹೊಲಿದ ಒಂದು ಎಲೆ. ಕೈ ಸ್ವಲ್ಪ ಮೇಲೆತ್ತಿದರೂ ಹೊಲಿಗೆ ಚರ್ರನೆ ಬಿಟ್ಟುಕೊಳ್ಳುತ್ತೆ. ಬಿಟ್ಟುಕೊಳ್ಳಲಿ ಅಂತಲೇ ಅವನಿಗೆ ಅನ್ನಿಸುತ್ತಿತ್ತು; ಅಂಗಿಯ ಜೊತೆಗೆ ಇನ್ನೂ ಏನೇನೋ ಹರಿಯಬೇಕು, ಹಲ್ಲಲ್ಲಿ ಕಚ್ಚಿ ಹರಿಯಬೇಕು, ಆ ಎಲೆಯನ್ನು ಕಿತ್ತು ಮಾವನ ಬಾಯಿಗೆ ತುರುಕಿ ಅಗಿಯೋ ಅಗಿಯೋ ಅನ್ನಬೇಕು. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವನ ಸುತ್ತ ಒಂದು ಸುತ್ತು ಬಂದಳು. ಊರಿನವರ ಬಟ್ಟೆಯನ್ನೆಲ್ಲ ಹೊಲಿಯುವವಳು, ತಮ್ಮನ ಅಂಗಿ ನೋಡಿ ಕೈ ಚೆಲ್ಲಿದಳು. 'ಒಳಗೆ ಬಟ್ಟೆನೇ ಇಲ್ಲ ಕಣೋ, ಎಲ್ಲಿಂದ ಬಿಡಿಸಲಿ? ಕೈ ಎತ್ತಬೇಡ ಅಷ್ಟೆ. ಆ ಗಾಡಿ ಸ್ಟೇರಿಂಗು ಬೆರಳಲ್ಲಿ ತಿರುಗುತ್ತಂತಲ್ಲ.' 'ಯಾರಿಗಾದ್ರೂ ಹೊಡೀಬೇಕು ಅಂದ್ರೆ?' ಅಂದ. 'ಅಂಗಿ ಬಿಚ್ಚಿಟ್ಟು ಹೊಡಿ' ಎಂದು ಅಕ್ಕ ನಕ್ಕಳು. ಆಮೇಲೆ ಒಳಕೋಣೆಯ ಕಡೆ ಒಂದು ಸಲ ನೋಡಿ ನಗು ನುಂಗಿಕೊಂಡಳು.

ಒಳಕೋಣೆಯಲ್ಲಿ ಅಪ್ಪ ಎದ್ದು ಕೂತಿದ್ದ. ಬಲಗಡೆಯ ಮೈ ಸತ್ತಿತ್ತು, ಮಾತು ಅದರ ಜೊತೆಗೇ ಹೋಗಿತ್ತು. ಉಳಿದದ್ದು ಎಡಗೈ, ಗಂಟಲಿಂದ ಬರುವ ಒಂದು ಗೊರ್ ಅನ್ನುವ ಸದ್ದು, ಮತ್ತೆ ಕಿವಿ. ಆ ಕಿವಿ ಮಾತ್ರ ನಾಯಿಯ ಕಿವಿ. ಮಗ ಓಡಿಸುವ ವ್ಯಾನು ಊರಿನ ಕೆಳಗಿನ ಹೆದ್ದಾರಿಯ ನಿಲ್ದಾಣದಿಂದ ಏರು ಹತ್ತುವಾಗ ಯಾವ ತಿರುವಿನಲ್ಲಿ ಗೇರು ತಪ್ಪಿತು ಅಂತ ಹಾಸಿಗೆಯಲ್ಲಿ ಕೂತೇ ತಿಳಿಯುತ್ತಿತ್ತು. ಸರಿಯಾಗಿ ಹತ್ತಿದರೆ ತಲೆ ಆಡಿಸುತ್ತಿದ್ದ, ತಪ್ಪಿದರೆ ಎಡಗೈಯಿಂದ ಮಂಚದ ಚೌಕಟ್ಟಿಗೆ ಫಟ್ಟನೆ ಹೊಡೆಯುತ್ತಿದ್ದ. ಅಕ್ಕ ಇದನ್ನೆಲ್ಲ ಸಂಜೆ ನಗುತ್ತಾ ವರದಿ ಮಾಡುತ್ತಿದ್ದಳು: ಇವತ್ತು ಮೂರು ಏಟು ಬಿತ್ತಪ್ಪಾ ನಿಂಗೆ. ಈಗ ಅಪ್ಪ ಕತ್ತು ಓರೆ ಮಾಡಿ ಬೀದಿಯ ಕಡೆ ಕಿವಿ ಕೊಟ್ಟಿದ್ದ. ಬಾಗಿಲ ಹಿಂದಿನ ಮೊಳೆಯಲ್ಲಿ ಹಳೆಯ ಫ್ಯಾನ್ ಬೆಲ್ಟು ತೂಗುತ್ತಿತ್ತು. ಸವೆದು, ಬಿರುಕು ಬಿಟ್ಟು, ಹಾವಿನ ಪೊರೆಯ ಹಾಗೆ. ಎಂಜಿನ್ನಿಗೆ ಬೇಡವಾದ ಮೇಲೆ ಅದಕ್ಕೆ ಮನೆಯಲ್ಲಿ ಒಂದೇ ಕೆಲಸವಿತ್ತು. ಆ ಕೆಲಸ ಮುಗಿದು ಎಷ್ಟೋ ಕಾಲವಾಗಿದ್ದರೂ ಅದನ್ನು ಮೊಳೆಯಿಂದ ಇಳಿಸುವ ಧೈರ್ಯ ಯಾರಿಗೂ ಆಗಿರಲಿಲ್ಲ. ಅವನು ಬಾಗಿಲು ದಾಟುವಾಗ ಈಗಲೂ ಬೆನ್ನು ತನ್ನಷ್ಟಕ್ಕೆ ಗೋಡೆಯ ಕಡೆ ಸರಿಯುತ್ತಿತ್ತು.

ಅಪ್ಪ ಕೇಳುತ್ತಿದ್ದ ಸದ್ದು ಇವತ್ತು ಬರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೇ ಅವನು ವ್ಯಾನನ್ನು ಮುಚ್ಚಿಹೋದ ಇಟ್ಟಿಗೆ ಗೂಡಿನ ಹಿಂದಕ್ಕೆ ಓಡಿಸಿಕೊಂಡು ಹೋಗಿ, ಟಾರ್ಪಾಲು ಹೊದಿಸಿ ಕಟ್ಟಿ ಬಂದಿದ್ದ. ಇಡೀ ಊರಿಗೆ ಇದ್ದದ್ದು ಅದೊಂದೇ ವಾಹನ. ಬಸ್ಸಿನವರು ಈ ಏರಿಗೆ ಕೈ ಮುಗಿದು ಹೋದ ಮೇಲೆ ಅಪ್ಪ ಅದನ್ನು ತಂದದ್ದು, ಇವನು ಆಗಿನ್ನೂ ತೊಟ್ಟಿಲಲ್ಲಿದ್ದ. ಬೆಳಗ್ಗೆ ಹಗ್ಗ ಕಟ್ಟುವಾಗ ಅವನ ಕೈಗೆ ಏನಾಗಿತ್ತೋ. ಗಂಟು ಸಾಕು ಅನ್ನಿಸಿದ ಮೇಲೂ ಎಳೆದ, ಕಾಲು ಕೊಟ್ಟು ಎಳೆದ, ಟಾರ್ಪಾಲಿನ ಕೆಳಗೆ ಕನ್ನಡಿಯೊಂದು ಲಟಕ್ ಎಂದು ಮುರಿಯುವವರೆಗೂ ಎಳೆದ. ಯಾರದ್ದೋ ಕುತ್ತಿಗೆಗೆ ಬಿಗಿದಂತಿತ್ತು. ಅದಕ್ಕಿಂತ ಹೆದರಿಕೆಯಾದದ್ದು ಆಗ ಮೈಯೆಲ್ಲಾ ಹರಿದ ಸುಖ. ಹಾಗೇ ನಿಂತು ತನ್ನ ಕೈ ನೋಡಿಕೊಂಡಿದ್ದ, ಬೇರೆಯವನ ಕೈ ಅನ್ನುವಂತೆ.

'ಗಾಡಿ ಇಲ್ಲದ ಊರಿಗೆ ಮಾತ್ರ ದುಡ್ಡು ಕೊಡ್ತಾರೆ ಕಣೋ ಮೊಂಡ' ಎಂದು ಮಾವ ಬಿಡಿಸಿ ಹೇಳಿದ್ದ. ಅಮ್ಮನ ತಮ್ಮ ಆತ, ಊರಿನ ಸಮಿತಿಗೆ ಅಧ್ಯಕ್ಷ, ಮಾತಾಡುವಾಗ ಎದುರಿನವನ ಭುಜದ ಧೂಳು ಕೊಡವುವ ಅಭ್ಯಾಸ, ಧೂಳಿರಲಿ ಬಿಡಲಿ. 'ಬ್ಯಾಟರಿ ಗಾಡಿ. ಫೋನ್ ಮಾಡಿದ್ರೆ ಮನೆ ಬಾಗಿಲಿಗೆ ಬರುತ್ತೆ. ಹೊಗೆ ಇಲ್ಲ, ಸದ್ದಿಲ್ಲ. ಗಾಲಿಕುರ್ಚಿ ಸೀದಾ ಒಳಗೆ ಹತ್ತುತ್ತೆ. ಗಾಡಿ, ಚಾರ್ಜು ಮಾಡೋ ಕಂಬ, ನಿನ್ನ ಸಂಬಳ, ಎಲ್ಲ ಸಂಸ್ಥೆಯವರೇ ಕೊಡ್ತಾರೆ. ಒಂದೇ ಷರತ್ತು, ಊರಲ್ಲಿ ಬೇರೆ ಗಾಡಿ ಓಡ್ತಾ ಇರಬಾರದು.' 'ಓಡ್ತಾ ಇದೆಯಲ್ಲ.' 'ಏನು ಓಡ್ತಾ ಇದೆ?' 'ನಮ್ಮ ವ್ಯಾನು.' ಮಾವ ಅವನ ಭುಜ ಕೊಡವಿದ. 'ಅದು ಗಾಡಿನೇನೋ? ಅದು ಕೆಮ್ಮೋ ಕಬ್ಬಿಣ. ಈ ಚಳಿಗಾಲ ದಾಟಲ್ಲ ಅಂತ ನೀನೇ ಅಲ್ವಾ ಹೇಳಿದ್ದು? ಒಂದು ದಿನ ಮುಚ್ಚಿಡು. ಸಂಸ್ಥೆ ಮೇಡಂ ಬಂದು ನೋಡ್ಕೊಂಡು ಹೋಗ್ಲಿ. ಆಮೇಲೆ ನೀನೇ ಡ್ರೈವರು, ನಿಮ್ಮಪ್ಪನ್ನೂ ಕೂರಿಸ್ಕೊಂಡು ಓಡಾಡು, ಯಾರು ಬೇಡ ಅಂತಾರೆ?' ಆ ಕೊನೆಯ ಮಾತಿಗೇ ಅವನು ಬಿದ್ದದ್ದು. ಅಪ್ಪನನ್ನು ಚಿಕಿತ್ಸೆಗೆ ಕರೆದೊಯ್ಯಲು ವ್ಯಾನಿಗೆ ಹತ್ತಿಸುವುದೆಂದರೆ ಮೂಟೆ ಎತ್ತಿದ ಹಾಗೆ. ಹೋದ ಸಲ ಎತ್ತುವಾಗ ಕೈ ಜಾರಿ ಅಪ್ಪನ ಹಣೆ ಬಾಗಿಲಿನ ಕಬ್ಬಿಣದ ಅಂಚಿಗೆ ಬಡಿದಿತ್ತು, ರಕ್ತ ಹುಬ್ಬಿನಿಂದ ಇಳಿದು ಬಾಯಿಗೆ ಹೋಗಿತ್ತು. ಅಪ್ಪ ಉಗುಳಲಿಲ್ಲ, ಕಿರುಚಲಿಲ್ಲ, ಬರೀ ಅವನನ್ನೇ ನೋಡಿದ. ಕೈ ಜಾರಿದ್ದೋ, ಬಿಟ್ಟದ್ದೋ? ಜಾರಿದ್ದೇ. ಅವತ್ತಿನಿಂದ ಇವತ್ತಿನವರೆಗೆ ಅವನು ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತಿದ್ದ, ಜಾರಿದ್ದೇ, ಜಾರಿದ್ದೇ.

ಅಂಗಿ ತೊಟ್ಟು ಹೊರಬಿದ್ದಾಗ ಬೀದಿ ಸುಲಿದಿಟ್ಟಂತೆ ಕಂಡಿತು. ಕುರ್ಚಿಗಳಿರಲಿಲ್ಲ. ಈ ಊರಿನಲ್ಲಿ ವ್ಯಾನಿಗೆ ಯಾರೂ ಕೂಗುತ್ತಿರಲಿಲ್ಲ, ಫೋನು ಮಾಡುತ್ತಿರಲಿಲ್ಲ. ಹೋಗುವುದಿದ್ದವರು ಮನೆಯ ಮುಂದೆ ಒಂದು ಕುರ್ಚಿ ಇಡುತ್ತಿದ್ದರು. ಕಾಲು ಮುರಿದದ್ದು, ಬಣ್ಣ ಹೋದದ್ದು, ಪ್ಲಾಸ್ಟಿಕ್ಕಿನದು, ಯಾವುದೋ ಒಂದು. ಕುರ್ಚಿ ಹೊರಗಿದ್ದರೆ ವ್ಯಾನು ನಿಲ್ಲಬೇಕು. ಮನೆಯವರು ಒಳಗೆ ತಲೆ ಬಾಚುತ್ತಿದ್ದರೂ ಕಾಯಬೇಕು. ನಿನ್ನೆಯೆಲ್ಲಾ ಮಾವ ಮನೆಮನೆಗೆ ಹೋಗಿ, ನಾಳೆ ಒಂದು ಕುರ್ಚಿಯೂ ಹೊರಗೆ ಕಾಣಬಾರದು, ಮೇಡಂ ಕೇಳಿದರೆ ಏನಂತ ಹೇಳೋದು, ಎಂದು ಎಚ್ಚರಿಸಿ ಬಂದಿದ್ದ. ಕ್ಷೌರದವನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಕತ್ತರಿ ಒರೆಸುತ್ತಿದ್ದ. 'ಏನಪ್ಪಾ ಎಲೆ ಸಾಹೇಬ್ರೇ,' ಎಂದು ಜೇಬಿನ ಕಡೆ ಗದ್ದ ತೋರಿಸಿದ, 'ಇವತ್ತು ಊರಲ್ಲಿ ಯಾರೂ ಕೂರಂಗಿಲ್ವಂತೆ? ನನ್ನ ಕಸುಬಿನ ಕುರ್ಚಿನೂ ಹಿತ್ತಲಿಗೆ ಹಾಕಲಾ? ಗಿರಾಕಿನ ನಿಲ್ಲಿಸ್ಕೊಂಡು ಗಡ್ಡ ಕೆರೀಲಾ?' 'ನನ್ನ ಯಾಕೆ ಕೇಳ್ತೀಯ, ಮಾವನ್ನ ಕೇಳು.' 'ಮಾವನ್ನ ಕೇಳಿದೆ. ಫೋನ್ ಹಿಡ್ಕೊಂಡು ಕೂತಿರು, ಮೇಡಂ ಮುಂದೆ ಗಾಡಿ ಕರೆಸು ಅಂದ್ರು. ಎದುರಿಗೆ ನಿಂತಿರೋ ಗಾಡಿನ ಫೋನ್ ಮಾಡಿ ಕರೆಯೋದು! ಹೆಂಡ್ತಿ ಪಕ್ಕದಲ್ಲೇ ಮಲಗಿದ್ರೂ ಕಾಗದ ಬರೆದ ಹಾಗೆ.' ಆಮೇಲೆ ದನಿ ಇಳಿಸಿ, 'ಡ್ರೈವರಣ್ಣಂಗೆ ಹೇಳಿದ್ಯಾ?' ಎಂದು ಕೇಳಿದ. ಊರಿಗೆಲ್ಲ ಅಪ್ಪ ಡ್ರೈವರಣ್ಣ. ಕತ್ತರಿಯ ಮೇಲೆ ಬಿಸಿಲು ಬಿದ್ದು ಕಣ್ಣಿಗೆ ಚುಚ್ಚಿತು, ಅದನ್ನು ಕಿತ್ತುಕೊಂಡು ಈ ನಗುವ ಮುಖವನ್ನು ಕಿವಿಯಿಂದ ಕಿವಿಗೆ ಕತ್ತರಿಸುತ್ತಿದ್ದೇನೆ ಅನ್ನುವ ಚಿತ್ರ ಸ್ಪಷ್ಟವಾಗಿ ಬಂದು ಹೋಯಿತು. ಅವನು ತಲೆ ತಗ್ಗಿಸಿಕೊಂಡು ನಡೆದ.

ಹೊಡೆತ ಅವನಿಗೆ ಹೊಸದಲ್ಲ. ಶಾಲೆಯಲ್ಲಿ ಅವನು ತರಗತಿಗೆ ಕಾಲಿಟ್ಟ ದಿನವೆಲ್ಲ ಮೇಷ್ಟ್ರು, 'ಕಿಟಕಿ ತೆಗೀರೋ, ಡೀಸೆಲ್ ಟ್ಯಾಂಕ್ ಬಂತು' ಅನ್ನುತ್ತಿದ್ದರು. ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಹುಡುಗಿಯರು ಕೂಡ. ಒಂದು ದಿನ ಅವನೇ ಕಿಟಕಿ ತೆಗೆದ, ಮುಷ್ಟಿಯಿಂದ. ಗಾಜು ಮೇಷ್ಟ್ರ ಮೇಜಿನವರೆಗೂ ಹಾರಿತು. ರಕ್ತ ಸುರಿಯುತ್ತಿದ್ದ ಕೈ ಹಿಡಿದುಕೊಂಡೇ ಮನೆಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಪ್ಪ ಒಂದು ಮಾತೂ ಬೈಯಲಿಲ್ಲ, ಮಾರನೆಯ ದಿನ ವ್ಯಾನಿನ ಎಡಗಡೆಯ ಸೀಟು ತೋರಿಸಿದ. ರಸ್ತೆಯ ಬಲಗಡೆಯ ಕುರ್ಚಿ ನಾನು ನೋಡ್ತೀನಿ, ಎಡಗಡೆಯದು ನೀನು. ಅಷ್ಟೇ ಕೆಲಸ. ಮೇಷ್ಟ್ರ ಮನೆ ಎಡಗಡೆಗೇ ಇತ್ತು. ಒಂದು ಬೆಳಗ್ಗೆ ಅಲ್ಲಿ ಕುರ್ಚಿ ಇತ್ತು, ಕುರ್ಚಿಯ ಮೇಲೆ ಮೇಷ್ಟ್ರ ತಾಯಿ, ಮಡಿಲಲ್ಲಿ ಚೀಲ. ಅವನು ಎದುರಿಗೆ ರಸ್ತೆಯನ್ನೇ ನೋಡುತ್ತಾ ಕೂತ. ಮುದುಕಿ ಕೈ ಎತ್ತಿದ್ದು ಕಣ್ಣಂಚಿಗೆ ಕಂಡಿತ್ತು, ಕನ್ನಡಿಯಲ್ಲಿ ಆಕೆ ಚಿಕ್ಕದಾಗುತ್ತಾ ಹೋದದ್ದೂ ಕಂಡಿತ್ತು, ನಾಲಗೆಯ ಮೇಲೆ ಬೆಲ್ಲದ ಚೂರು ಇಟ್ಟಂತಾಗಿತ್ತು. ಸಂಜೆಯವರೆಗೂ ಆಕೆ ಬಿಸಿಲಲ್ಲಿ ಅಲ್ಲೇ ಕೂತಿದ್ದಳಂತೆ, ಡ್ರೈವರಣ್ಣ ಕುರ್ಚಿ ಬಿಟ್ಟು ಹೋಗೋನಲ್ಲ, ಬರ್ತಾನೆ, ಅನ್ನುತ್ತಾ. ಅವತ್ತು ಬಾಗಿಲ ಹಿಂದಿನ ಮೊಳೆಯಿಂದ ಬೆಲ್ಟು ಇಳಿಯಿತು. ಅಪ್ಪ ಬಲಗೈಯಲ್ಲಿ ಹೊಡೆದ. ಕುಡಿದು ಹೊಡೆಯುವವರ ಹಾಗೆ ಅಲ್ಲ, ಬೈಯುತ್ತಾ ಹೊಡೆಯುವವರ ಹಾಗೂ ಅಲ್ಲ. ನಟ್ಟು ಬಿಗಿಮಾಡುವವನಂತೆ, ಒಂದೊಂದೇ, ಸರಿಯಾಗಿ ಕೂತಿತಾ ಎಂದು ನೋಡಿ ನೋಡಿ. ಚರ್ಮ ಬಿರಿದು ಅಂಗಿ ಬೆನ್ನಿಗೆ ಅಂಟಿಕೊಂಡಿತು. ಎಲ್ಲ ಮುಗಿದ ಮೇಲೆ ಒಂದೇ ಮಾತು: 'ಕುರ್ಚಿ ಕಂಡ್ರೆ ನಿಲ್ಲಬೇಕು. ಯಾರ ಕುರ್ಚಿ ಅಂತ ನೋಡೋಕೆ ನೀನ್ಯಾರು?' ಅವತ್ತು ರಾತ್ರಿ ಬೋರಲು ಮಲಗಿ, ಅಪ್ಪನ ಆ ಬಲಗೈ ಬಿದ್ದುಹೋಗಲಿ ಎಂದು ಬೇಡಿಕೊಂಡಿದ್ದ. ತಲೆದಿಂಬು ಕಚ್ಚಿಕೊಂಡು ಬೇಡಿಕೊಂಡಿದ್ದ. ಎಷ್ಟೋ ವರ್ಷದ ಮೇಲೆ ಅದು ಬಿದ್ದೂ ಹೋಯಿತಲ್ಲ.

ಓಡಿಸಿ ತೋರಿಸಲು ತಂದಿದ್ದ ಹೊಸ ಗಾಡಿ ಸಮಿತಿಯ ಕಚೇರಿಯ ಮುಂದೆ ನಿಂತಿತ್ತು, ಬೆಳ್ಳಗೆ, ಕುಳ್ಳಗೆ, ಸೋಪಿನ ತುಂಡಿನ ಹಾಗೆ. ಸಂಸ್ಥೆಯ ಮೇಡಂ ಅವನ ಕೈ ಕುಲುಕಿ ಮಾತಾಡಿಸಿದಳು. ಅದೂ ಒಂದು ತೊಂದರೆಯೇ. ಸೊಕ್ಕಿನ ಹೆಂಗಸಾಗಿದ್ದರೆ ದ್ವೇಷಕ್ಕೆ ಒಂದು ಜಾಗ ಸಿಗುತ್ತಿತ್ತು. ಆಕೆ ಹಿಂಬಾಗಿಲಿನ ಹಲಗೆಯನ್ನು ತಾನೇ ಇಳಿಸಿ, ಮಂಡಿಯೂರಿ, ಗಾಲಿಕುರ್ಚಿ ಎಲ್ಲಿ ಸಿಕ್ಕಿಕೊಳ್ಳುತ್ತೆ, ಪಟ್ಟಿ ಹೇಗೆ ಬಿಗಿಯಬೇಕು, ಎಲ್ಲ ತೋರಿಸಿದಳು. 'ಎತ್ತೋ ಕೆಲಸನೇ ಇಲ್ಲ, ನೋಡಿ. ಯಾರಿಗೂ ಪೆಟ್ಟಾಗಲ್ಲ.' ಅವನು ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದ. ಇದು ಬೇಕು ಅನ್ನಿಸಿತು, ಹಸಿದವನಿಗೆ ಅನ್ನಿಸುವ ಹಾಗೆ. ಬೇಕು ಅನ್ನಿಸಿದ್ದಕ್ಕೇ ಮೈ ಉರಿಯಿತು. ಕ್ಷೌರದವನು ಎದುರಿನಿಂದಲೇ ಫೋನು ಮಾಡಿದ, ಗಾಡಿಯೊಳಗೆ ಟಿಣ್ ಅಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಡಿ ಹೊರಟದ್ದು ಗೊತ್ತೇ ಆಗಲಿಲ್ಲ. ಪಾದದ ಕೆಳಗೆ ನಡುಕವಿಲ್ಲ, ಕೈಗೆ ಗೇರಿಲ್ಲ, ಸತ್ತವನ ಎದೆಗೆ ಕಿವಿಯಿಟ್ಟಂತೆ. 'ಇಷ್ಟು ದಿನ ಜನ ಹೇಗೆ ಓಡಾಡ್ತಿದ್ರು?' ಎಂದು ಮೇಡಂ ಕೇಳಿದಳು. 'ನಡೀತಿದ್ರು ಮೇಡಂ' ಎಂದ ಮಾವ, ನಿಟ್ಟುಸಿರಿನ ಜೊತೆಗೆ. 'ವಯಸ್ಸಾದೋರೂ?' 'ಬಿದ್ದು ಎದ್ದು ನಡೀತಿದ್ರು. ಗಾಡಿ ಅಂತ ಈ ಊರು ಕಂಡೇ ಇಲ್ಲ.' ಹಿಂದಿನ ಸೀಟಿನಲ್ಲಿ ಕ್ಷೌರದವನು ಕೆಮ್ಮಿದ. ಮೇಡಂ ಕನ್ನಡಿಯಲ್ಲಿ ಅವನ ಕಣ್ಣು ಹುಡುಕಿದಳು. 'ನೀವು ಚೆನ್ನಾಗಿ ಓಡಿಸ್ತೀರ. ಮೊದಲು ಏನು ಓಡಿಸ್ತಿದ್ರಿ?' ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಮಾವನ ಕೈ ಅವನ ಭುಜದ ಮೇಲೆ ಬಂದು ಇಲ್ಲದ ಧೂಳು ಕೊಡವಿತು. 'ಏನೂ ಇಲ್ಲ ಮೇಡಂ, ಮನೇಲೇ ಬಿದ್ದಿದ್ದ. ಶಾಲೆ ಬಿಟ್ಟ ಹುಡುಗ. ಇಂಥವರಿಗೂ ಒಂದು ದಾರಿಯಾಗುತ್ತೆ ನಿಮ್ಮಿಂದ.' ಕಂಕುಳಲ್ಲಿ ಒಂದು ಹೊಲಿಗೆ ಬಿಟ್ಟ ಸದ್ದು ಅವನೊಬ್ಬನಿಗೇ ಕೇಳಿಸಿತು.

ಅವನ ಮನೆಯ ತಿರುವು ಬಂತು. ಮನೆಯ ಮುಂದೆ, ಚರಂಡಿಯ ಈಚೆ, ಕುರ್ಚಿಯಿತ್ತು.

ಅಡುಗೆಮನೆಯ ಮರದ ಕುರ್ಚಿ. ಅದರ ಮೇಲೆ ಅಪ್ಪ. ಹೇಗೆ ಬಂದ, ಗೋಡೆ ಹಿಡಿದೋ, ನೆಲ ತೆವಳಿಯೋ. ಲುಂಗಿಯ ಮಂಡಿಯ ಹತ್ತಿರ ಮಣ್ಣು ಮೆತ್ತಿತ್ತು. ಅಕ್ಕ ಹೊಲಿಗೆ ಅಂಗಡಿಗೆ ಹೋಗಿರಬೇಕು. ಇಷ್ಟು ವರ್ಷದಲ್ಲಿ ಆ ಮನೆಯ ಮುಂದೆ ಒಂದು ದಿನವೂ ಕುರ್ಚಿ ಬಿದ್ದಿರಲಿಲ್ಲ, ಡ್ರೈವರನ ಮನೆಗೆ ಅದರ ಅಗತ್ಯವಾದರೂ ಏನು? ಬೆಳಗಿನಿಂದ ಸದ್ದು ಬಾರದ್ದಕ್ಕೆ ಈ ಮನುಷ್ಯ ಹೊರಗೆ ಬಂದು ಊರಿನ ಎಲ್ಲರ ಹಾಗೆ ಕುರ್ಚಿ ಹಾಕಿ ಕೂತುಬಿಟ್ಟಿದ್ದ, ಕತ್ತು ಕೆಳಗಿನ ಏರಿನ ಕಡೆ ತಿರುಗಿಸಿ, ಕಣ್ಣು ಅರ್ಧ ಮುಚ್ಚಿ. ಬೆಳ್ಳಗಿನ ಗಾಡಿ ಬೆನ್ನ ಹಿಂದಿನಿಂದ ಹತ್ತಿರ ಬಂದದ್ದು ಆ ಕಿವಿಗೆ ಕೇಳಲಿಲ್ಲ. 'ಅವರು ಯಾರು? ಹತ್ತೋರಾ?' ಎಂದಳು ಮೇಡಂ. 'ಯಾರೋ ಬಿಸಿಲು ಕಾಯ್ತಾ ಕೂತಿದಾರೆ' ಎಂದ ಮಾವ, ತನ್ನ ಸ್ವಂತ ಅಕ್ಕನ ಗಂಡನನ್ನು ನೋಡುತ್ತಾ. ಆಮೇಲೆ ಹಲ್ಲಿನ ಸಂದಿಯಿಂದ, 'ನಿಲ್ಲಿಸಿದ್ಯೋ, ಎಲ್ಲ ಹಾಳು. ಹೋಗು.' ಅವನ ಕಾಲು ಬ್ರೇಕಿನ ಮೇಲೆ ಬಂದಿತ್ತು. ಬಂದು, ಸರಿಯಿತು. ಅವನು ಎದುರಿಗೆ ರಸ್ತೆಯನ್ನೇ ನೋಡಿದ. ಪಕ್ಕದಲ್ಲಿ ಗಾಳಿ ಬೀಸಿದ್ದಕ್ಕೆ ಅಪ್ಪ ಬೆಚ್ಚಿ ತಿರುಗಿದ್ದು ಕಣ್ಣಂಚಿಗೆ ಕಂಡಿತು, ಎಡಗೈ ಮೇಲೆದ್ದದ್ದು ಕಂಡಿತು, ಆಮೇಲೆ ಕನ್ನಡಿಯಲ್ಲಿ, ಕೈ ಎತ್ತಿಕೊಂಡೇ, ಕುರ್ಚಿಯ ಸಮೇತ ಚಿಕ್ಕದಾಗುತ್ತಾ ಹೋದ. ಈ ಸಲ ನಾಲಗೆಯ ಮೇಲೆ ಬೆಲ್ಲ ಇರಲಿಲ್ಲ. ಕಬ್ಬಿಣ ಇತ್ತು. ಕೆನ್ನೆಯ ಒಳಗಡೆ ಕಚ್ಚಿಕೊಂಡಿದ್ದ.

ಕೆಳಗಿನ ನಿಲ್ದಾಣದಲ್ಲಿ ಮೇಡಂ ಸುತ್ತ ನೋಡಿ ಫೋಟೋ ತೆಗೆದಳು, ಚಾರ್ಜು ಕಂಬಕ್ಕೆ ಜಾಗ ನೋಡಿದಳು, ತುಂಬಾ ಸಮಾಧಾನವಾಯಿತು, ಕೊಡಿಸೋಣ ಅಂದಳು. ಮಾವ ಅವನ ಬೆನ್ನು ತಟ್ಟಿದ. ಬೆಲ್ಟಿನ ಗಾಯಗಳ ಗುರುತಿನ ಮೇಲೆಯೇ ತಟ್ಟಿದ. ಮಾವನನ್ನು ಎತ್ತಿ ಆ ಕಂಬಕ್ಕೆ ತೋಡುವ ಗುಂಡಿಯೊಳಗೆ ತಲೆಕೆಳಗಾಗಿ ನೆಡಬೇಕು, ಮೇಲೆ ಕಾಂಕ್ರೀಟು ಸುರಿಯಬೇಕು. ಇದನ್ನು ಯೋಚಿಸುತ್ತಲೇ ಅವನು ನಕ್ಕ, ಥ್ಯಾಂಕ್ಸ್ ಮೇಡಂ ಅಂದ. ಆ ದನಿ ತನ್ನದೇ ಎಂದು ಆಮೇಲೆ ಗೊತ್ತಾಯಿತು. ಬೀದಿಯಲ್ಲಿ ಏನಿದೆಯೋ ಎಂದು ಮಾವನಿಗೂ ಅಂಜಿಕೆ; 'ವಾಪಸ್ಸು ಬೇರೆ ದಾರಿ ಇದ್ದಿದ್ರೆ ಚೆನ್ನಾಗಿತ್ತು' ಎಂದು ಗೊಣಗಿದ. ಬೇರೆ ದಾರಿ ಇರಲಿಲ್ಲ. ಊರಿಗೆ ಇದ್ದದ್ದೊಂದೇ ರಸ್ತೆ.

ತಿರುವಿನಲ್ಲಿ ಈ ಸಲ ಕುರ್ಚಿ ರಸ್ತೆಯ ನಟ್ಟನಡುವೆ ಇತ್ತು. ಎಳೆದು ತಂದ ಗೆರೆ ಧೂಳಿನಲ್ಲಿ ಚರಂಡಿಯಿಂದ ಅಲ್ಲಿಯವರೆಗೂ ಬಿದ್ದಿತ್ತು. ಅಪ್ಪ ಕೂತಿರಲಿಲ್ಲ. ಕುರ್ಚಿಯ ಬೆನ್ನಿಗೆ ಸೊಂಟ ಆನಿಸಿ ನಿಂತಿದ್ದ, ಒಂದು ಕಡೆ ವಾಲಿದ ಕಂಬದಂತೆ, ಸತ್ತ ಬಲಗೈ ಜೋತುಬಿದ್ದಿತ್ತು. ಎಡಗೈಯಲ್ಲಿ ಫ್ಯಾನ್ ಬೆಲ್ಟಿತ್ತು.

'ಹಾರ್ನ್ ಹೊಡಿ' ಎಂದ ಮಾವ. ಅವನು ಹೊಡೆದ, ಆಟಿಕೆಯಿಂದ ಬರುವಂಥ ಒಂದು ಮರ್ಯಾದೆಯ ಸದ್ದು ಬಂತು. ಅಪ್ಪ ಅಲ್ಲಾಡಲಿಲ್ಲ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಕಂಡರು. ಅಷ್ಟರಲ್ಲಿ ಮಾವ ಇಳಿದು, ಮೇಡಂ ಕಡೆ ನಗುತ್ತಾ, 'ಸ್ವಲ್ಪ ತಲೆ ಸರಿ ಇಲ್ಲ ಪಾಪ' ಎಂದು ಹೇಳುತ್ತಲೇ ಅಪ್ಪನ ರಟ್ಟೆ ಹಿಡಿದು ಎಳೆದ. ಅಪ್ಪ ಕುರ್ಚಿಯ ಸಮೇತ ಮಗುಚಿಕೊಂಡ. ಗದ್ದ ರಸ್ತೆಗೆ ಬಡಿದ ಸದ್ದು ಗಾಜಿನ ಒಳಗೂ ಕೇಳಿಸಿತು. ಈ ಗಾಡಿಯಲ್ಲಿ ಬೇರೆ ಸದ್ದೇ ಇರಲಿಲ್ಲವಲ್ಲ. 'ಏಳು ಭಾವ, ಮರ್ಯಾದೆ ತೆಗೀಬೇಡ, ಏಳು' ಎಂದು ಮಾವ ಕಾಲಿನಿಂದ ಒದ್ದ. ಒದೆತ ಕುರ್ಚಿಗೋ ಅಪ್ಪನಿಗೋ ಅವನಿಗೆ ಕಾಣಲಿಲ್ಲ. ಅಷ್ಟು ಹೊತ್ತಿಗೆ ಅವನು ಗಾಡಿಯಿಂದ ಕೆಳಗಿಳಿದಿದ್ದ. ಕೈ ಎತ್ತಿದ, ಅಂಗಿ ಕಂಕುಳಿಂದ ಸೊಂಟದವರೆಗೂ ಹರಿದುಕೊಂಡಿತು. ಮೊದಲ ಏಟಿಗೆ ಮಾವನ ಮೂಗಿನ ಎಲುಬು ಬೆರಳ ಗೆಣ್ಣಿನ ಕೆಳಗೆ ಪುಡಿಯಾದದ್ದು ತಿಳಿಯಿತು. ಎರಡನೆಯದಕ್ಕೆ ಮಾವ ಗಾಡಿಯ ಬಿಳಿ ಮೈಗೆ ಒರಗಿ, ಕೆಂಪು ಬಳಿಯುತ್ತಾ ಜಾರಿದ. ಇನ್ನೂ ಹೊಡೆಯುತ್ತಿದ್ದ, ಸಾಯುವ ತನಕ ಹೊಡೆಯುತ್ತಿದ್ದ, ಆದರೆ ಕ್ಷೌರದವನು ಹಿಂದಿನಿಂದ ತಬ್ಬಿ ಹಿಡಿದು, 'ಸಾಕೋ, ಸಾಕು, ಅಲ್ನೋಡು, ಡ್ರೈವರಣ್ಣನ್ನ ನೋಡು' ಎಂದು ಕಿವಿಯಲ್ಲಿ ಕೂಗಿದ.

ಅಪ್ಪ ಏಳುತ್ತಿದ್ದ. ಕುರ್ಚಿಯ ಕಾಲು ಹಿಡಿದು, ಮಂಡಿಯೂರಿ, ಒಂದು ಕಡೆಯ ಮೈಯಿಂದ ಇನ್ನೊಂದು ಕಡೆಯ ಹೆಣವನ್ನು ಎತ್ತುತ್ತಾ. ಬೆಲ್ಟು ಬಿಟ್ಟಿರಲಿಲ್ಲ. ಸೀಳಿದ ಗದ್ದದಿಂದ ರಕ್ತ ಎದೆಗೆ ತೊಟ್ಟಿಕ್ಕುತ್ತಿತ್ತು. ಕಣ್ಣು ಮಾವನ ಮೇಲಿರಲಿಲ್ಲ, ಬಿಳಿಯ ಗಾಡಿಯ ಮೇಲಿರಲಿಲ್ಲ. ಮಗನ ಮೇಲಿತ್ತು. 'ಇವರು ಯಾರು?' ಎಂದು ಮೇಡಂ ಗಾಡಿಯ ಬಾಗಿಲಲ್ಲಿ ನಿಂತು ಕೇಳಿದಳು. 'ನಮ್ಮಪ್ಪ' ಅಂದ. ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. 'ಈ ಊರಿಗೆ ಗಾಡಿ ಇತ್ತು ಮೇಡಂ. ಇದೆ. ಇಟ್ಟಿಗೆ ಗೂಡಿನ ಹಿಂದೆ ಕಟ್ಟಿ ಹಾಕಿದೀನಿ. ಇವನೇ ಓಡಿಸ್ತಿದ್ದ, ಆಮೇಲೆ ನಾನು. ಇಲ್ಲಿ ಯಾರೂ ಯಾವತ್ತೂ ನಡೀಲಿಲ್ಲ.' ನೆಲದ ಮೇಲಿಂದ ಮಾವ ಮೂಗು ಹಿಡಿದುಕೊಂಡು ಏನೋ ಅರಚಿದ, ಹಾಳು ಮಾಡಿದ್ಯಲ್ಲೋ, ಊರನ್ನೇ ಹಾಳು ಮಾಡಿದ್ಯಲ್ಲೋ. ಬಾಗಿಲುಗಳಲ್ಲಿ ನಿಂತವರು ಯಾರೂ ಅದಕ್ಕೆ ಎದುರಾಡಲಿಲ್ಲ. ಅವರಿಗೂ ಆ ಬಿಳಿ ಗಾಡಿ ಬೇಕಾಗಿತ್ತು. ಮೇಡಂ ಹಿಂದಿನ ಹಲಗೆಯ ಕಡೆ ನೋಡಿದಳು, ಅಪ್ಪನ ಸತ್ತ ಕಾಲಿನ ಕಡೆ ನೋಡಿದಳು, ಮತ್ತೆ ಒಳಗೆ ಹೋಗಿ ಕೂತಳು.

ಅವನು ಅಪ್ಪನ ಎದುರಿಗೆ ಹೋದ. ಮೈಗೆ ನೇತಾಡುತ್ತಿದ್ದ ಹಸಿರು ಅಂಗಿಯನ್ನು ಕಿತ್ತೆಸೆದ. ತಿರುಗಿ, ರಸ್ತೆಯಲ್ಲಿ ಮಂಡಿಯೂರಿ, ಬೆನ್ನು ಕೊಟ್ಟ. ಹಳೆಯ ಗುರುತುಗಳು ಬಿಸಿಲಿಗೆ ಬಿದ್ದವು. ಮೈಯೆಲ್ಲಾ ಬಿಗಿ ಹಿಡಿದು, ಹಲ್ಲು ಕಚ್ಚಿ, ಕಾದ. ನಟ್ಟು ಬಿಗಿಮಾಡುವ ಆ ಬಲಗೈಯನ್ನು ಬೆನ್ನು ನೆನಪಿಟ್ಟುಕೊಂಡಿತ್ತು, ಅದಕ್ಕಾಗಿ ಹಸಿದಿತ್ತು. ಹಿಂದೆ ಉಸಿರು ಎಳೆದ ಸದ್ದು. ಬೆಲ್ಟು ಬಿತ್ತು. ಒದ್ದೆ ಬಟ್ಟೆ ಜಾರಿ ಬಿದ್ದಂತೆ, ಭುಜದ ಮೇಲೆ, ಅಷ್ಟೆ. ಮತ್ತೊಮ್ಮೆ ಬಿತ್ತು, ಅದಕ್ಕಿಂತ ಮೆಲ್ಲಗೆ. ಅಭ್ಯಾಸವಿಲ್ಲದ ಎಡಗೈ ಗುರಿ ತಪ್ಪಿ ಅವನ ಕಿವಿಯನ್ನು ಸವರಿಕೊಂಡು ಹೋಯಿತು, ಪುಟ್ಟ ಮಗುವನ್ನು ಸವರಿದ ಹಾಗೆ. ನೋಯಲಿಲ್ಲ. ಎಲ್ಲೂ, ಏನೂ ನೋಯಲಿಲ್ಲ.

'ಜೋರಾಗಿ ಹೊಡಿ ಅಪ್ಪಾ' ಎಂದು ಅವನು ಕಿರುಚಿದ. ಊರಿನ ಅಷ್ಟೂ ಬಾಗಿಲಿಗೆ ಕೇಳುವಂತೆ, ಗಂಟಲು ಹರಿಯುವಂತೆ, 'ಜೋರಾಗಿ ಹೊಡಿಯೋ!'